ಹುರುಪೆ ಕಳಚಿದ ಹುಳಿ

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಸೀಮೆಯಲ್ಲಿ ಮಳೆಗಾಲದುದ್ದಕ್ಕೂ ಸೊಪ್ಪು ಹದಗೊಳಿಸುವ ಬ್ಯಾರನ್ನುಗಳ ಒಲೆ ಆರುವುದಿಲ್ಲ. ಬೆಳಗಾಗುತ್ತಲೇ ಸೊಪ್ಪು ಮುರಿಯಬೇಕು, ಕಡ್ಡಿಗೆ ಕಟ್ಟಬೇಕು, ಬ್ಯಾರನ್ನಿಗೆ ಏರಿಸಬೇಕು, ರಾತ್ರಿಯಿಡೀ ಬೆಂಕಿಯ ಹದ ನೋಡಬೇಕು. ಹಂಗಾಮು ಮುಗಿಯುವ ಹೊತ್ತಿಗೆ ಹೆಂಗಸರ ಬೆರಳಿನಲ್ಲಿ ಸೊಪ್ಪಿನ ಅಂಟು ಕಪ್ಪಾಗಿ ಕೂತಿರುತ್ತದೆ, ಮುಖ ಬಾಡಿರುತ್ತದೆ. ಬೀಚನಹಳ್ಳಿಯಿಂದ ಕೆಳಗೆ ಕಪಿಲೆಯ ಬಯಲಿನಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ನಾಟಿ ಹಾಕಿದವರದೂ, ಕೃಷ್ಣರಾಜನಗರದ ಕಬ್ಬಿನ ಗದ್ದೆಯಲ್ಲಿ ರವದಿ ಸುಲಿದವರದೂ ಇದೇ ಪಾಡು. ಊರಿಗೆ ಬಂದ ನೆಂಟರು ಮೊದಲು ಆಡುವ ಮಾತೇ ಅದು: ‘ಯಾಕವ್ವ, ಮುಖದಲ್ಲಿ ಕಳೇನೇ ಇಲ್ವಲ್ಲ?’

ಆ ಕಳೆ ಎಲ್ಲಿ ಹೋಗುತ್ತದೆ, ಅದನ್ನು ಮರಳಿ ತರುವುದು ಹೇಗೆ ಎಂಬುದಕ್ಕೆ ವಿಜ್ಞಾನ ಕೊಟ್ಟ ಒಂದು ಗಟ್ಟಿ ಉತ್ತರ ಸೌಂದರ್ಯದ ಅಂಗಡಿಯಲ್ಲಿ ಹುಟ್ಟಿದ್ದಲ್ಲ. ಮೈಯೆಲ್ಲ ಮೀನಿನಂತೆ ಹುರುಪೆಗಟ್ಟಿದ ಚರ್ಮದ ರೋಗಿಗಳ ಹಾಸಿಗೆಯ ಪಕ್ಕದಲ್ಲಿ ಅದು ಸಿಕ್ಕಿತು. ಸಿಕ್ಕ ವಸ್ತುವಾದರೋ ನಮ್ಮ ಮನೆಯ ಮೊಸರಿನ ಗಡಿಗೆಯಲ್ಲಿ, ಹುಣಸೆಯಲ್ಲಿ, ನಿಂಬೆಯಲ್ಲಿ, ಕಬ್ಬಿನ ರಸದಲ್ಲಿ ಇರುವಂಥದ್ದೇ.

ವಸ್ತುವಿನ ಕತೆ ಹಳೆಯದು. ಸ್ವೀಡನ್ನಿನಲ್ಲಿ ಔಷಧದಂಗಡಿ ನಡೆಸುತ್ತಿದ್ದ ಕಾರ್ಲ್ ವಿಲ್ಹೆಲ್ಮ್ ಶೀಲೆ ಎಂಬಾತನಿಗೆ ಹುಳಿಯ ಮೇಲೆ ತೀರದ ಕುತೂಹಲ. ದ್ರಾಕ್ಷಾರಸದ ಪೀಪಾಯಿಯ ತಳದಲ್ಲಿ ಕೂರುವ ಗಷ್ಟಿನಿಂದ ಆತ ಟಾರ್ಟಾರಿಕ್ ಆಮ್ಲ ತೆಗೆದ. ನಮ್ಮ ಹುಣಸೆಯ ಹುಳಿಯೂ ಅದೇ. 1780ರಲ್ಲಿ ಹುಳಿತ ಹಾಲಿನ ತಿಳಿಯನ್ನು ಕುದಿಸಿ ಬತ್ತಿಸಿ, ಅದರಲ್ಲಿದ್ದ ಲವಣವನ್ನೂ ಹಾಲುಸಕ್ಕರೆಯನ್ನೂ ಒಂದೊಂದಾಗಿ ಬೇರ್ಪಡಿಸಿ, ಕೊನೆಗೆ ಉಳಿದ ಹುಳಿಯನ್ನು ಹಿಡಿದ. ಅದು ಲ್ಯಾಕ್ಟಿಕ್ ಆಮ್ಲ. 1784ರಲ್ಲಿ ನಿಂಬೆಯಿಂದ ಸಿಟ್ರಿಕ್ ಆಮ್ಲದ ಹರಳು ಕಟ್ಟಿಸಿದ. ಮರುವರ್ಷ ಸೇಬಿನಿಂದ ಮ್ಯಾಲಿಕ್ ಆಮ್ಲ. ಹೊಸ ವಸ್ತು ಸಿಕ್ಕಾಗಲೆಲ್ಲ ನಾಲಿಗೆಗೆ ಹಚ್ಚಿ ನೋಡುವ ಅಭ್ಯಾಸವಿದ್ದ ಈ ಮನುಷ್ಯ 43 ವರ್ಷಕ್ಕೇ ತೀರಿಕೊಂಡ. ತಾನು ಹೆಸರು ಬರೆದು ಶೀಶೆಯಲ್ಲಿಟ್ಟ ಹುಳಿಗಳು ಮುಂದೊಂದು ದಿನ ಮನುಷ್ಯರ ಮುಖಕ್ಕೆ ಏನು ಮಾಡಬಲ್ಲವೆಂದು ಅವನಿಗೆ ಗೊತ್ತಾಗುವಂತಿರಲಿಲ್ಲ. ಆದರೆ ಹಾಲು ಮೊಸರನ್ನು ಮೈಗೆ ಹಚ್ಚುವ ರೂಢಿ ಅವನಿಗಿಂತಲೂ ಹಳೆಯದು. ರೋಮಿನ ರಾಣಿ ಪೊಪ್ಪಿಯಾ ಕತ್ತೆಹಾಲಿನಲ್ಲಿ ಮೀಯುತ್ತಿದ್ದಳೆಂದು ಅಲ್ಲಿಯ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ನಮ್ಮ ಅಜ್ಜಿಯರು ಮೊಸರಿಗೆ ಕಡ್ಲೆಹಿಟ್ಟು ಕಲಸಿ ಮಕ್ಕಳ ಮುಖಕ್ಕೆ ಹಚ್ಚಿ ಉಜ್ಜಿದ್ದಾರೆ. ಬಳಕೆ ಎಲ್ಲ ಕಡೆಯೂ ಇತ್ತು, ಕಾರಣ ಯಾರಿಗೂ ತಿಳಿದಿರಲಿಲ್ಲ.

ಕಾರಣ ತಿಳಿಯಬೇಕಾದರೆ ಮೊದಲು ಚರ್ಮದ ತೀರಾ ಮೇಲಿನ ಪದರ ಏನೆಂದು ತಿಳಿಯಬೇಕಿತ್ತು. ಬಹುಕಾಲ ಅದನ್ನು ವೈದ್ಯರು ಗಣನೆಗೇ ತೆಗೆದುಕೊಳ್ಳಲಿಲ್ಲ. ಸತ್ತ ಕೋಶಗಳ ರಾಶಿ, ಉದುರಿಹೋಗುವ ಕಸ, ಅಷ್ಟೆ ಎಂಬುದು ಅವರ ಎಣಿಕೆ. ಈ ಎಣಿಕೆಯನ್ನು ಮುರಿದವರಲ್ಲಿ ಮುಖ್ಯನಾದವನು ಫಿಲಡೆಲ್ಫಿಯಾದ ಆಲ್ಬರ್ಟ್ ಕ್ಲಿಗ್‌ಮನ್. ಆ ಪದರ ಹದಿನೈದು ಇಪ್ಪತ್ತು ಸಾಲು ಚಪ್ಪಟೆ ಕೋಶಗಳಿಂದಾದ ಗಟ್ಟಿ ಹಾಳೆ ಎಂದೂ, ದೇಹದ ನೀರು ಆರಿಹೋಗದಂತೆ ಕಾಯುವ ಕೆಲಸ ಅದರದೆಂದೂ ಆತ 1960ರ ದಶಕದಲ್ಲಿ ತೋರಿಸಿದ. ಆಮೇಲೆ ಸ್ಯಾನ್‌ಫ್ರಾನ್ಸಿಸ್ಕೊದ ಪೀಟರ್ ಎಲಿಯಾಸ್ ಅದರ ಕಟ್ಟಡವನ್ನು ವಿವರಿಸಿದ: ಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ. ಈ ಇಡೀ ಗೋಡೆಯ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು. ಮುಖದ ಕಳೆಯ ಬಹುಭಾಗ ನಡೆಯುವುದು ಈ ಒಂದೆರಡು ಪಾಲಿನಲ್ಲೇ.

ಹೇಗೆಂದರೆ, ಕೆಳಗೆ ಹುಟ್ಟಿದ ಕೋಶ ಮೇಲೇರುತ್ತ ಚಪ್ಪಟೆಯಾಗುತ್ತದೆ, ತನ್ನೊಳಗಿನ ಜೀವದ ಸಾಮಾನನ್ನೆಲ್ಲ ಕಳೆದುಕೊಂಡು ಕೆರಾಟಿನ್ ತುಂಬಿದ ಚಕ್ಕೆಯಾಗುತ್ತದೆ, ಕೊನೆಗೆ ಕಣ್ಣಿಗೆ ಕಾಣದಂತೆ ಉದುರುತ್ತದೆ. ಈ ಪಯಣಕ್ಕೆ ಸುಮಾರು ನಾಲ್ಕು ವಾರ ಹಿಡಿಯುತ್ತದೆ. ಉದುರಬೇಕಾದರೆ ಅಕ್ಕಪಕ್ಕದ ಚಕ್ಕೆಗಳನ್ನು ಹಿಡಿದಿಟ್ಟ ಪ್ರೋಟೀನಿನ ಬೆಸುಗೆ ಕರಗಬೇಕು. ಆ ಬೆಸುಗೆಯನ್ನು ಕರಗಿಸುವ ಕಿಣ್ವಗಳಿಗೆ ನೀರು ಬೇಕು. ಬಿಸಿಲು, ಒಣಗಾಳಿ, ಬೆಂಕಿಯ ಕಾವು, ಖಾರ ಸೋಪು ಇವೆಲ್ಲ ಆ ನೀರನ್ನು ಹೀರಿದಾಗ ಕಿಣ್ವ ಸೋಮಾರಿಯಾಗುತ್ತದೆ, ಚಕ್ಕೆಗಳು ಅರ್ಧ ಬಿಟ್ಟು ಅರ್ಧ ಹಿಡಿದು ನಿಲ್ಲುತ್ತವೆ. ಅವುಗಳ ನಡುವೆ ಗಾಳಿ ಸೇರುತ್ತದೆ. ಬಿದ್ದ ಬೆಳಕು ನೇರ ಮರಳುವ ಬದಲು ಎಲ್ಲ ದಿಕ್ಕಿಗೂ ಚದುರಿಹೋಗುತ್ತದೆ. ನಾವು ಕಾಣುವ ಮಂಕು ಎಂಬುದು ಹೀಗೆ ಚದುರಿದ ಬೆಳಕು. ಎಣ್ಣೆಯನ್ನೋ ನೀರನ್ನೋ ಸವರಿದ ಕೂಡಲೇ ಒಣಚರ್ಮ ಕ್ಷಣಕಾಲ ಹೊಳೆಯುವುದೂ ಇದರಿಂದಲೇ, ಚಕ್ಕೆಗಳ ನಡುವಿನ ಗಾಳಿಯ ಜಾಗವನ್ನು ಅದು ತುಂಬುತ್ತದೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಈ ಚದುರಿದ ಬೆಳಕು ಬೂದಿ ಬಳಿದಂತೆ ಎದ್ದು ಕಾಣುತ್ತದೆ. ಚಳಿಗಾಲದಲ್ಲಿ ಮೊಣಕಾಲಿನ ಮೇಲೆ ಉಗುರಿನಿಂದ ಗೀರಿದರೆ ಬಿಳಿಗೆರೆ ಮೂಡುವುದನ್ನು ಯಾವ ಹಳ್ಳಿಯ ಮಗು ಕಂಡಿಲ್ಲ?

ಇನ್ನು ಕೆಲವರಲ್ಲಿ ಚಕ್ಕೆಗಳು ಉದುರುವುದೇ ಇಲ್ಲ. ಹುಟ್ಟಿನಿಂದಲೇ. ಇಕ್ತಿಯೋಸಿಸ್ ಎಂಬ ಈ ಕಾಯಿಲೆಗಳ ಗುಂಪಿನಲ್ಲಿ ಚರ್ಮ ಹುರುಪೆ ಹುರುಪೆಯಾಗಿ ಕಟ್ಟುತ್ತ ಹೋಗುತ್ತದೆ. ತೀವ್ರವಾದಾಗ ಕಣ್ಣಿನ ರೆಪ್ಪೆ ಹೊರಮಗುಚಿಕೊಳ್ಳುತ್ತದೆ, ಬೆವರು ಹೊರಬರದೆ ಬೇಸಗೆಯಲ್ಲಿ ಮೈ ಕುದಿಯುತ್ತದೆ, ಬೆರಳ ಸಂದಿಯಲ್ಲಿ ಬಿರುಕು ಬಿಟ್ಟು ನೋಯುತ್ತದೆ. ಇದರ ಕೆಲವು ಬಗೆಗಳು ತಂದೆತಾಯಿ ಇಬ್ಬರಿಂದಲೂ ಕೆಟ್ಟ ಜೀನು ಬಂದಾಗ ಮಾತ್ರ ಕಾಣಿಸಿಕೊಳ್ಳುವಂಥವು. ಆದ್ದರಿಂದ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಕಡೆಗಳಲ್ಲಿ ಹೆಚ್ಚು. ನಮ್ಮದೂ ಅಂಥ ಸೀಮೆಯೇ. ಊರಿನವರು ಇಂಥ ಮಗುವನ್ನು ನಾಗದೋಷದ ಮಗು ಎಂದು ದೂರವಿಟ್ಟ ಉದಾಹರಣೆಗಳಿವೆ. ಆ ತಾಯಂದಿರ ಸಂಕಟ ನೆನೆದಾಗ ಮುಂದಿನ ಕತೆ ನನಗೆ ಇನ್ನಷ್ಟು ಹತ್ತಿರವಾಗುತ್ತದೆ.

ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಚರ್ಮ ಮತ್ತು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಯೂಜೀನ್ ವ್ಯಾನ್ ಸ್ಕಾಟ್ ಎಂಬ ವೈದ್ಯ ಇಂಥ ರೋಗಿಗಳನ್ನು ನೋಡುತ್ತಿದ್ದರು. ಅದಕ್ಕೆ ಮೊದಲು ಅವರು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿದ್ದವರು. ಚರ್ಮದ ಒಂದು ಬಗೆಯ ಕ್ಯಾನ್ಸರಿಗೆ ಔಷಧವನ್ನು ರಕ್ತಕ್ಕೆ ಚುಚ್ಚದೆ ಚರ್ಮದ ಮೇಲೇ ಹಚ್ಚಿ ಹತೋಟಿಗೆ ತರಬಹುದೆಂದು ತೋರಿಸಿ 1972ರಲ್ಲಿ ಲಾಸ್ಕರ್ ಪ್ರಶಸ್ತಿ ಪಡೆದವರು. ರೋಗ ಇರುವಲ್ಲಿಗೇ ಮದ್ದು ಕೊಡು ಎಂಬುದು ಅವರ ಹಾದಿ. ಜೊತೆಗೆ ಸೇರಿದವರು ತೈವಾನಿನಿಂದ ಬಂದ ರಸಾಯನಶಾಸ್ತ್ರಜ್ಞ ರುಯಿ ಯು. ಮನುಷ್ಯರ ಉಗುರು, ಕೂದಲು ತಿಂದು ಬದುಕುವ ಶಿಲೀಂಧ್ರವೊಂದು ಗಟ್ಟಿ ಕೆರಾಟಿನನ್ನು ಯಾವ ಕಿಣ್ವದಿಂದ ಕರಗಿಸುತ್ತದೆ ಎಂದು ಹುಡುಕಿ ಆ ಕಿಣ್ವವನ್ನು ಬೇರ್ಪಡಿಸಿದ ತಂಡದಲ್ಲಿ ಅವರಿದ್ದರು. ಒಬ್ಬರಿಗೆ ರೋಗಿಯ ಚರ್ಮ ಗೊತ್ತು, ಇನ್ನೊಬ್ಬರಿಗೆ ಅದರ ರಸಾಯನ ಗೊತ್ತು.

ಇವರ ಮುಂದಿದ್ದ ಪ್ರಶ್ನೆ ಸರಳ. ಕೆರಾಟಿನನ್ನು ಸುಟ್ಟು ಕರಗಿಸುವ ಮದ್ದುಗಳು ಆಗಲೇ ಇದ್ದವು. ಸ್ಯಾಲಿಸಿಲಿಕ್ ಆಮ್ಲ ಹಳೆಯ ಕಾಲದಿಂದ ಬಳಕೆಯಲ್ಲಿತ್ತು, ಆದರೆ ಮೈಯೆಲ್ಲ ಹಚ್ಚಿದರೆ ರಕ್ತಕ್ಕೆ ಇಳಿದು ವಿಷವಾಗುವ ಭಯ, ಅದರಲ್ಲೂ ಎಳೆಮಕ್ಕಳಲ್ಲಿ. ಬೇಕಾಗಿದ್ದುದು ಕೋಶವನ್ನು ಸುಡದೆ ಅದರ ಹಿಡಿತವನ್ನಷ್ಟೇ ಸಡಿಲಿಸುವ ವಸ್ತು. ಯಾವುದೆಂದು ಮೊದಲೇ ಹೇಳಬಲ್ಲ ಸಿದ್ಧಾಂತ ಇರಲಿಲ್ಲ. ಅವರು ಒಂದಾದ ಮೇಲೊಂದು ಹಚ್ಚಿ ನೋಡುತ್ತ ಹೋದರು. ಅರವತ್ತಕ್ಕೂ ಹೆಚ್ಚು ವಸ್ತುಗಳು. ಬಹುಪಾಲು ನಿಷ್ಪ್ರಯೋಜಕ. ಆದರೆ ಗೆದ್ದವುಗಳನ್ನು ಒಂದು ಕಡೆ ಇಟ್ಟು ನೋಡಿದಾಗ ಅವೆಲ್ಲ ಒಂದೇ ಮನೆತನದವು: ಲ್ಯಾಕ್ಟಿಕ್, ಗ್ಲೈಕೋಲಿಕ್, ಸಿಟ್ರಿಕ್, ಮ್ಯಾಲಿಕ್ ಮತ್ತು ಅವುಗಳ ಹತ್ತಿರದ ಬಂಧುಗಳು. ಬಹುಪಾಲು ಶೀಲೆಯ ಶೀಶೆಗಳಲ್ಲಿದ್ದ ಹುಳಿಗಳೇ. ಎಲ್ಲವುಗಳ ಅಣುವಿನಲ್ಲೂ ಆಮ್ಲದ ಗುಂಪಿಗೆ ಅಂಟಿದಂತೆ ಪಕ್ಕದ ಇಂಗಾಲದಲ್ಲೇ ಹೈಡ್ರಾಕ್ಸಿ ಎಂಬ ಇನ್ನೊಂದು ಗುಂಪು ಕೂತಿರುತ್ತದೆ. ರಸಾಯನಶಾಸ್ತ್ರದಲ್ಲಿ ಇವುಗಳ ಹೆಸರು ಆಲ್ಫಾ ಹೈಡ್ರಾಕ್ಸಿ ಆಮ್ಲಗಳು.

ಬೀಚನಹಳ್ಳಿಯಲ್ಲಿ ಕಪಿಲೆಗೆ ಕಟ್ಟಿದ ಅಣೆಕಟ್ಟು ಪೂರ್ಣಗೊಂಡ 1974ರಲ್ಲೇ ಈ ಫಲಿತಾಂಶ ಅಮೆರಿಕದ ಚರ್ಮವೈದ್ಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ವರ್ಷಾನುಗಟ್ಟಲೆ ಹುರುಪೆ ಹೊತ್ತವರಲ್ಲಿ ಅನೇಕರ ಚರ್ಮ ಹಚ್ಚಿದ ಕಡೆಯಲ್ಲಿ ಸಹಜ ಚರ್ಮದಂತೆ ಕಾಣತೊಡಗಿತ್ತು. ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಅವರು 1984ರಲ್ಲಿ ವಿವರಿಸಿದ ಇನ್ನೊಂದು ಸಂಗತಿ. ಹಚ್ಚಿದ ಹುಳಿ ಮೇಲಿನಿಂದ ಚಕ್ಕೆ ಚಕ್ಕೆಯಾಗಿ ಕೆರೆಯುತ್ತ ಇಳಿಯುವುದಿಲ್ಲ. ಅದು ಮೇಲ್ಪದರದ ತಳಕ್ಕೆ, ಹೊಸದಾಗಿ ಚಕ್ಕೆ ರೂಪುಗೊಳ್ಳುವ ಕಡೆಗೆ ಇಳಿದು ಅಲ್ಲಿಯ ಅಂಟನ್ನು ಸಡಿಲಿಸುತ್ತದೆ. ಮೇಲಿನ ದಪ್ಪ ಹಾಳೆ ಒಟ್ಟಾಗಿ ಬಿಟ್ಟುಕೊಳ್ಳುತ್ತದೆ. ಗ್ಲೈಕೋಲಿಕ್ ಆಮ್ಲ ಈ ಮನೆತನದಲ್ಲಿ ಎಲ್ಲಕ್ಕಿಂತ ಚಿಕ್ಕ ಅಣು, ಆದ್ದರಿಂದ ಬೇಗ ಇಳಿಯುತ್ತದೆ, ಉರಿಯೂ ಹೆಚ್ಚು. ಲ್ಯಾಕ್ಟಿಕ್ ಸ್ವಲ್ಪ ದೊಡ್ಡದು, ಮೆಲ್ಲಗೆ ಕೆಲಸ ಮಾಡುತ್ತದೆ, ಜೊತೆಗೆ ನೀರನ್ನೂ ಹಿಡಿದಿಡುತ್ತದೆ. ನಮ್ಮ ಬಿಸಿಲಿಗೆ, ನಮ್ಮ ಬಣ್ಣಕ್ಕೆ ಲ್ಯಾಕ್ಟಿಕ್ಕೇ ಮೊದಲ ಆಯ್ಕೆಯಾಗಬೇಕೆಂಬುದು ನನ್ನ ಅಭಿಪ್ರಾಯ. ಕಂದು ಚರ್ಮ ಕೆರಳಿದರೆ ಕಪ್ಪು ಕಲೆ ಬಿಟ್ಟೇ ಹೋಗುತ್ತದೆ, ಆ ಕಲೆ ಮೂಲ ಮಂಕಿಗಿಂತ ಹೆಚ್ಚು ಕಾಡುತ್ತದೆ.

ಮುಂದೆ ಈ ಹುಳಿ ರೋಗಿಯ ಮೈಯಿಂದ ಸಾಮಾನ್ಯರ ಮುಖಕ್ಕೂ ಬಂತು. ಹುರುಪೆಗೆ ಹಚ್ಚಿದಲ್ಲಿ ಚರ್ಮ ನಯವಾಗುವುದಾದರೆ ಬಿಸಿಲಿಗೆ, ವಯಸ್ಸಿಗೆ ಒರಟಾದ ಚರ್ಮಕ್ಕೂ ಇದು ಆದೀತು ಎಂದು ಇಬ್ಬರೂ ಯೋಚಿಸಿದರು. 1988ರಲ್ಲಿ ಸ್ವಂತ ಕಂಪನಿ ಕಟ್ಟಿದರು. 1990ರ ದಶಕದಲ್ಲಿ ಜಗತ್ತಿನ ಪ್ರಸಾಧನ ಪೇಟೆಯೆಲ್ಲ ಈ ಆಮ್ಲಗಳ ಹಿಂದೆ ಬಿತ್ತು. ಇಂದು ಹುಣಸೂರಿನ ಅಂಗಡಿಯಲ್ಲಿ ಸಿಗುವ ಸೀರಮ್ಮಿನ ಬಾಟಲಿಯ ಮೇಲೂ ಇವುಗಳ ಹೆಸರಿರುತ್ತದೆ.

ವಯಸ್ಸಾದಂತೆ ಕಳೆ ಏಕೆ ಕುಗ್ಗುತ್ತದೆ ಎಂಬುದಕ್ಕೆ ಫಿಲಡೆಲ್ಫಿಯಾದಿಂದಲೇ ಇನ್ನೊಂದು ಸುಳಿವು ಬಂತು. ಗ್ಯಾರಿ ಗ್ರೋವ್ ಮತ್ತು ಕ್ಲಿಗ್‌ಮನ್ ಡ್ಯಾನ್ಸೈಲ್ ಕ್ಲೋರೈಡ್ ಎಂಬ ಬಣ್ಣವನ್ನು ಜನರ ಚರ್ಮಕ್ಕೆ ಇಳಿಸಿದರು. ನೇರಳಾತೀತ ದೀಪದಡಿ ಅದು ಹೊಳೆಯುತ್ತದೆ, ಬಣ್ಣ ಹತ್ತಿದ ಚಕ್ಕೆಗಳೆಲ್ಲ ಉದುರಿ ಮುಗಿದಾಗ ಹೊಳಪು ನಿಲ್ಲುತ್ತದೆ. 1983ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಯುವಕರಲ್ಲಿ ಮೇಲ್ಪದರ ಪೂರಾ ಬದಲಾಗಲು ಸುಮಾರು 20 ದಿನ ಸಾಕು, ವಯಸ್ಸಾದವರಲ್ಲಿ ಅದಕ್ಕೆ ಇನ್ನೂ ಹತ್ತು ದಿನಕ್ಕೂ ಹೆಚ್ಚು ಬೇಕು. ಹಳೆಯ ಚಕ್ಕೆಗಳು ಹೊರಡದೆ ಉಳಿಯುತ್ತವೆ. ಕ್ಲಿಗ್‌ಮನ್ ಹೆಸರು ಹೇಳುವಾಗ ಒಂದು ಮಾತನ್ನು ಮುಚ್ಚಿಡುವಂತಿಲ್ಲ. 1950ರ ದಶಕದಿಂದ 1974ರವರೆಗೆ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಮೇಲೆ, ಬಹುಪಾಲು ಕರಿಯರ ಮೇಲೆ, ಏನು ಹಚ್ಚುತ್ತಿದ್ದೇವೆಂದು ಸರಿಯಾಗಿ ಹೇಳದೆ ಆತ ನಡೆಸಿದ ಪ್ರಯೋಗಗಳು ಚರ್ಮವಿಜ್ಞಾನದ ದೊಡ್ಡ ಕಳಂಕ. ಆ ನಗರ ಅದಕ್ಕಾಗಿ 2022ರಲ್ಲಿ ಕ್ಷಮೆ ಕೇಳಿತು. ಇಂದು ಕನ್ನಡಿಯ ಮುಂದೆ ನಾವು ಹಚ್ಚುವ ಎಷ್ಟೋ ವಸ್ತುಗಳ ಹಿಂದಿನ ಜ್ಞಾನದಲ್ಲಿ ಆ ಕೈದಿಗಳ ಬೆನ್ನಿನ ಗುರುತೂ ಸೇರಿದೆ.

ಈ ಹುಳಿಗಳು ನಿಜವಾಗಿ ಎಷ್ಟು ಕೊಡುತ್ತವೆ? 1996ರಲ್ಲಿ ಬಾಸ್ಟನ್ನಿನ ವೈದ್ಯರು ನಲವತ್ತರಿಂದ ಎಪ್ಪತ್ತರೊಳಗಿನ ಹೆಂಗಸರಿಗೆ 22 ವಾರ ಕ್ರೀಮು ಹಚ್ಚಿಸಿದರು. ಕೆಲವರಿಗೆ ಶೇ. 8ರ ಗ್ಲೈಕೋಲಿಕ್, ಕೆಲವರಿಗೆ ಶೇ. 8ರ ಲ್ಯಾಕ್ಟಿಕ್, ಕೆಲವರಿಗೆ ಬರೀ ಕ್ರೀಮು. ಯಾರ ಡಬ್ಬಿಯಲ್ಲಿ ಏನಿದೆ ಎಂದು ಹಚ್ಚುವವರಿಗೂ ತಿಳಿಯದು, ನೋಡುವ ವೈದ್ಯರಿಗೂ ತಿಳಿಯದು. ಬಿಸಿಲಿನಿಂದ ಕೆಟ್ಟ ಮುಖದ ಚರ್ಮ ಕನಿಷ್ಠ ಒಂದು ಮೆಟ್ಟಿಲು ಸುಧಾರಿಸಿದವರು ಗ್ಲೈಕೋಲಿಕ್ ಗುಂಪಿನಲ್ಲಿ ಶೇ. 76, ಲ್ಯಾಕ್ಟಿಕ್ ಗುಂಪಿನಲ್ಲಿ ಶೇ. 71. ಬರೀ ಕ್ರೀಮು ಹಚ್ಚಿದವರಲ್ಲಿ ಶೇ. 40. ಈ ಕೊನೆಯ ಅಂಕಿಯನ್ನು ಜಾಹೀರಾತುಗಳು ಎಂದೂ ಹೇಳುವುದಿಲ್ಲ. ಏನೂ ಇಲ್ಲದ ತೇವದ ಕ್ರೀಮನ್ನು ನೇಮದಿಂದ ಹಚ್ಚಿದರೂ ನೂರರಲ್ಲಿ ನಲವತ್ತು ಮಂದಿಗೆ ಗುಣ ಕಂಡಿತು. ದುಬಾರಿ ಬಾಟಲಿ ಕೊಳ್ಳಲಾಗದವರು ಬೇಸರ ಪಡಬೇಕಾಗಿಲ್ಲ: ಮುಖ ತೊಳೆದು ಹಸಿ ಆರುವ ಮೊದಲು ಹಚ್ಚಿದ ಸಾದಾ ವ್ಯಾಸಲೀನೂ ಕೆಲಸ ಮಾಡುತ್ತದೆ.

ಅಪಾಯದ ಮಾತು. ಹುಳಿ ಹಚ್ಚಿದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಇದನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಪರೀಕ್ಷಿಸಿ ಖಚಿತಪಡಿಸಿಕೊಂಡಿತು. ಇಂಥ ಪ್ರಸಾಧನಗಳ ಮೇಲೆ ಬಿಸಿಲಿನ ಎಚ್ಚರಿಕೆ ಮುದ್ರಿಸಬೇಕೆಂದೂ, ಬಳಸುವಾಗಲೂ ನಿಲ್ಲಿಸಿದ ಒಂದು ವಾರದವರೆಗೂ ಬಿಸಿಲಿನಿಂದ ಕಾಯ್ದುಕೊಳ್ಳಬೇಕೆಂದೂ 2005ರಲ್ಲಿ ಸೂಚಿಸಿತು. ಮನೆಯ ಬಳಕೆಗೆ ಶೇ. 10ಕ್ಕಿಂತ ಹೆಚ್ಚು ಬೇಡ, ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಅಂಕಿ 3.5ಕ್ಕಿಂತ ಕೆಳಗೆ ಬೇಡ ಎಂಬುದು 1998ರಿಂದಲೂ ಪ್ರಸಾಧನ ತಜ್ಞರು ಒಪ್ಪಿದ ಮಿತಿ. ಹೊಲದಲ್ಲಿ ದುಡಿಯುವವರು ಇದನ್ನು ರಾತ್ರಿ ಮಾತ್ರ, ವಾರಕ್ಕೆ ಎರಡು ಬಾರಿಯಿಂದ ಆರಂಭಿಸಿ ಹಚ್ಚಬೇಕು. ಹಗಲು ಸನ್‌ಸ್ಕ್ರೀನ್, ಅದಾಗದಿದ್ದರೆ ಅಗಲ ಅಂಚಿನ ಟೋಪಿ, ಮುಖಕ್ಕೆ ನೆರಳಾಗುವಂತೆ ಕಟ್ಟಿದ ತಲೆವಸ್ತ್ರ. ನಾಟಿ, ಸೊಪ್ಪು ಮುರಿಯುವ ಕೆಲಸ ಬಿರುಸಾಗಿರುವ ವಾರಗಳಲ್ಲಿ ಹುಳಿಯನ್ನು ಪೂರಾ ಬಿಟ್ಟು ಬರೀ ತೇವದ ಕ್ರೀಮು ಹಚ್ಚುವುದು ಜಾಣತನ.

ನಿಂಬೆಹಣ್ಣನ್ನು ಹೋಳು ಮಾಡಿ ಮುಖಕ್ಕೆ ಉಜ್ಜುವ ಪದ್ಧತಿಯನ್ನು ದಯವಿಟ್ಟು ಕೈಬಿಡಬೇಕು. ಅದರ ರಸದ ಪಿಎಚ್ ಎರಡರ ಆಸುಪಾಸು, ಚರ್ಮದ್ದು ಐದರ ಆಸುಪಾಸು. ಮೇಲಾಗಿ ನಿಂಬೆ ಜಾತಿಯ ಸಿಪ್ಪೆಯಲ್ಲಿರುವ ಕೆಲವು ವಸ್ತುಗಳು ಬಿಸಿಲು ಬಿದ್ದಾಗ ಚರ್ಮವನ್ನು ಬೊಬ್ಬೆಯೇಳಿಸಿ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಬಿಡುತ್ತವೆ. ಮೊಸರು ಹಾಗಲ್ಲ. ಅದರಲ್ಲಿ ಲ್ಯಾಕ್ಟಿಕ್ ಆಮ್ಲ ಶೇ. 1ರ ಆಸುಪಾಸು, ಅದರಲ್ಲೂ ಚರ್ಮಕ್ಕೆ ಇಳಿಯಬಲ್ಲ ಬಿಡಿ ಆಮ್ಲ ಸುಮಾರು ಐದರಲ್ಲೊಂದು ಪಾಲು. ಅಜ್ಜಿಯ ಮೊಸರು ಕಡ್ಲೆಹಿಟ್ಟು ಕೆಡುಕು ಮಾಡದ, ಮೆಲ್ಲಗೆ ಒಳಿತು ಮಾಡುವ ವಿಧಾನ. ಕಡ್ಲೆಹಿಟ್ಟನ್ನು ಒತ್ತಿ ಉಜ್ಜದಿದ್ದರೆ ಸಾಕು. ಮೊಸರಿನ ಕೊಬ್ಬು ತೇವಕ್ಕೆ, ಹುಳಿ ಚಕ್ಕೆಗೆ.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿ ಪೇಟೆಯಲ್ಲಿ ನಡೆಯುತ್ತಿದೆ. ಕಳೆ ಬೇಕೆಂದು ಬಂದವರ ಕೈಗೆ ಬಿಳುಪಿನ ಟ್ಯೂಬು ಕೊಡಲಾಗುತ್ತಿದೆ. ಸ್ಟೀರಾಯ್ಡ್ ಬೆರೆತ ಈ ಕ್ರೀಮುಗಳು ಮೊದಲ ವಾರ ಮುಖವನ್ನು ನಿಜಕ್ಕೂ ಬೆಳಗುತ್ತವೆ, ಆಮೇಲೆ ಚರ್ಮವನ್ನು ತೆಳ್ಳಗಾಗಿಸುತ್ತವೆ, ರಕ್ತನಾಳ ಎದ್ದು ಕಾಣುತ್ತವೆ, ಮೊಡವೆ, ಕೆಂಪು, ಉರಿ. ನಿಲ್ಲಿಸಿದರೆ ಇನ್ನೂ ಕೆರಳುತ್ತದೆ. ದೇಶದ 12 ಕೇಂದ್ರಗಳ ಚರ್ಮವೈದ್ಯರು ಸೇರಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಖದ ತೊಂದರೆಯೆಂದು ಬಂದ 2926 ಮಂದಿಯಲ್ಲಿ 433 ಮಂದಿ ಹೀಗೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಆದರೆ ಕಳೆಯೇ ಬೇರೆ, ಬಿಳುಪೇ ಬೇರೆ. ನಯವಾದ ಕಪ್ಪು ಚರ್ಮ ಒರಟಾದ ಬಿಳಿ ಚರ್ಮಕ್ಕಿಂತ ಹೆಚ್ಚು ಬೆಳಗುತ್ತದೆ. ಮೇಲ್ಮೈ ಸಮವಾಗಿದ್ದರೆ ಬೆಳಕು ಮರಳುತ್ತದೆ, ಅದಕ್ಕೆ ಬಣ್ಣದ ಹಂಗಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಹೈಸ್ಕೂಲಿನಲ್ಲೇ ಯಾರಾದರೂ ಹೇಳಬೇಕು.

ಹಾಗೆಯೇ, ಎಲ್ಲ ಮಂಕೂ ಚರ್ಮದ ಮೇಲಿನದಲ್ಲ. ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಮುಖದ ಕಳೆಗೆ ಒಳಗಿನಿಂದ ಕೆಂಪು ಕೊಡುವುದು ರಕ್ತ. ಅದು ಕಡಿಮೆಯಾದಾಗ ಯಾವ ಆಮ್ಲವೂ, ಯಾವ ಸೀರಮ್ಮೂ ಅದನ್ನು ತುಂಬಲಾರವು. ಕಣ್ಣಿನ ಕೆಳರೆಪ್ಪೆಯ ಒಳಬದಿ ಬಿಳಿಚಿದ್ದು, ಮೆಟ್ಟಿಲು ಹತ್ತಿದರೆ ಉಬ್ಬಸ ಬರುತ್ತಿದ್ದರೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್ ನೋಡಿಸಬೇಕು. ಕಬ್ಬಿಣಾಂಶದ ಮಾತ್ರೆ ಅಲ್ಲಿ ಪುಕ್ಕಟೆ. ಥೈರಾಯ್ಡ್ ಕುಗ್ಗಿದಾಗಲೂ ಚರ್ಮ ಒಣಗಿ ಮಂಕಾಗುತ್ತದೆ. ಬೀಡಿ, ಸಿಗರೇಟು ಸೇದುವವರ ಮುಖ ಬೂದಿಯಾಗುವುದಕ್ಕೆ ಚರ್ಮದ ಸಣ್ಣ ರಕ್ತನಾಳಗಳು ಬಿಗಿದುಕೊಳ್ಳುವುದು ಒಂದು ಕಾರಣ.

ಹುರುಪೆಯ ಕಾಯಿಲೆಗೆ ಇಂದಿಗೂ ಬೇರುಸಹಿತ ಕೀಳುವ ಮದ್ದಿಲ್ಲ. ಆದರೆ ಲ್ಯಾಕ್ಟಿಕ್ ಆಮ್ಲದಿಂದ ತಯಾರಾದ ಶೇ. 12ರ ಅಮೋನಿಯಂ ಲ್ಯಾಕ್ಟೇಟ್ ಲೋಷನ್ನು 1985ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಮಾನ್ಯವಾಯಿತು. ಇಂದು ನಮ್ಮ ಚರ್ಮವೈದ್ಯರೂ ಯೂರಿಯಾ ಕ್ರೀಮಿನ ಜೊತೆಗೆ ಅದನ್ನು ಬರೆದುಕೊಡುತ್ತಾರೆ. ಮಗುವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹುರುಪೆ ಮೆತ್ತಗಾದ ಮೇಲೆ ಬಟ್ಟೆಯಿಂದ ಒತ್ತಿ ಒರೆಸಿ, ಹಸಿ ಇರುವಾಗಲೇ ಹಚ್ಚಬೇಕು. ಬಿರುಕಿನ ಮೇಲೆ ಉರಿಯುತ್ತದೆ, ಆದ್ದರಿಂದ ಎಳೆಯ ಮಕ್ಕಳಿಗೆ ಎಷ್ಟು, ಎಲ್ಲೆಲ್ಲಿ ಎಂಬುದನ್ನು ವೈದ್ಯರೇ ಹೇಳಬೇಕು. ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆ ಬೀಚನಹಳ್ಳಿಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿದೆ. ಅಂಥ ಮಗುವಿರುವ ಮನೆಯವರು ನಾಗಪ್ರತಿಷ್ಠೆಗೆ ಸಾಲ ಮಾಡುವ ಮೊದಲು ಒಮ್ಮೆ ಅಲ್ಲಿಗೆ ಹೋಗಲಿ.